ಬೀರುವಿನ ಹಿಂದಿನ ಪ್ಲಗ್ಗು

ನನ್ನ ಗಂಡ ಧರಣೇಶನನ್ನು ಮಣ್ಣು ಮಾಡಿದ ನಾಲ್ಕನೆಯ ದಿನ ಬೆಳಿಗ್ಗೆ ಮನೆಯಲ್ಲಿ ನಾನು, ಅತ್ತೆ ಇಬ್ಬರೇ ಇದ್ದೆವು. ನೆಂಟರು ಹಿಂದಿನ ಸಂಜೆಯ ಬಸ್ಸಿಗೆ ಹೋಗಿದ್ದರು. ಹಾಲಿನವಳು ಬಂದು, ಏನೂ ಕೇಳದೆ, ಒಂದು ಲೀಟರಿನ ಬದಲು ಅರ್ಧ ಲೀಟರು ಅಳೆದು ಹೋದಳು. ಕಾಫಿ ಮಾಡಿದೆ. ಮರೆತು ಮೂರು ಲೋಟ ತೆಗೆಯಬಹುದಿತ್ತು. ಎರಡೇ ತೆಗೆದೆ. ಅತ್ತೆ ಅದನ್ನು ನೋಡಿದರು.

ಆಮೇಲೆ ಹೋಗಿ ಕಂಪ್ಯೂಟರ್ ಮುಂದೆ ಕುಳಿತೆ. ನಾನು ಓದಿದ ವಿಶ್ವವಿದ್ಯಾಲಯದ ಭೂಗೋಳ ವಿಭಾಗದವರು ಹಳೆಯ ಮಳೆಮಾಪನದ ರಿಜಿಸ್ಟರುಗಳನ್ನು ಕಳಿಸುತ್ತಾರೆ. ಯಾರೋ ದಿನಾ ಬೆಳಿಗ್ಗೆ ಎಂಟಕ್ಕೆ ಅಳೆದು ಬರೆದಿಟ್ಟ ಅಂಕಿಗಳು. ಅವನ್ನು ಟೈಪು ಮಾಡುವುದು ನನ್ನ ಕೆಲಸ. ಅವತ್ತು ಇಪ್ಪತ್ತೆರಡು ಪುಟ ಮಾಡಿದೆ. ಒಂದೂ ತಪ್ಪಿರಲಿಲ್ಲ.

ಕಂಪ್ಯೂಟರ್ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ನಮ್ಮ ಊರಲ್ಲಿ ಸಾವಾದ ಮನೆಗೆ ಕರೆಂಟು ಬರುವುದಿಲ್ಲ. ಕಂಬದಲ್ಲಿರುತ್ತದೆ, ಪಕ್ಕದ ಮನೆಯಲ್ಲಿರುತ್ತದೆ, ನಮ್ಮದೇ ಮೀಟರಿನವರೆಗೂ ಬಂದಿರುತ್ತದೆ. ಒಳಗೆ ಬರುವುದಿಲ್ಲ. ಕೆಲವು ಮನೆಗೆ ಒಂದು ವಾರ, ಕೆಲವು ಮನೆಗೆ ಒಂದು ವರ್ಷ. ಹೆಣ ಎತ್ತುವ ಮೊದಲೇ ಬೀದಿಯ ಹೆಂಗಸರು ಬಂದು ಮನೆಯ ಪ್ಲಗ್ಗುಗಳನ್ನೆಲ್ಲ ಗೋಡೆಯಿಂದ ಕಿತ್ತು ಬಿಳಿ ದಾರ ಸುತ್ತುತ್ತಾರೆ. ಸ್ವಿಚ್ಚುಗಳನ್ನೆಲ್ಲ ಆರಿಸುತ್ತಾರೆ. ಜಗುಲಿಯ ಬಲ್ಬಿನ ಸ್ವಿಚ್ಚನ್ನು ಮಾತ್ರ ಹಾಕಿಯೇ ಇಡುತ್ತಾರೆ. ಕರೆಂಟು ತಿರುಗಿ ಬಂದಾಗ ಅದು ತಾನಾಗಿ ಹೊತ್ತಿಕೊಳ್ಳುತ್ತದೆ, ಬೀದಿಗೆ ತಿಳಿಯುತ್ತದೆ. ಬಂತಾ ಎಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಸಂಜೆ ಹಾದುಹೋಗುವಾಗ ಒಮ್ಮೆ ತಲೆಯೆತ್ತಿ ನೋಡುತ್ತಾರೆ, ಮನಸ್ಸಿನಲ್ಲಿ ಎಣಿಸಿಕೊಳ್ಳುತ್ತಾರೆ.

ನಮ್ಮ ಯುಪಿಎಸ್ ನಮ್ಮದಲ್ಲ. ಧರಣೇಶ ಹೋಗುವುದಕ್ಕೆ ಒಂದು ತಿಂಗಳ ಮುಂಚೆ, ಎಲ್ಲರ ಮನೆಯಲ್ಲೂ ಹೋಗುವ ಮಾಮೂಲಿ ಕರೆಂಟು ಹೋಗಿ ನನ್ನ ಎರಡು ದಿನದ ಟೈಪಿಂಗ್ ಅಳಿಸಿಹೋಗಿತ್ತು. ಲಗ್ನಪತ್ರಿಕೆ ಅಚ್ಚು ಹಾಕುವ ಕೊಟ್ರೇಶಪ್ಪನವರ ಪ್ರೆಸ್ಸಿನಿಂದ ಅವನು ಈ ಯುಪಿಎಸ್ ಅನ್ನು ಒಂದು ವಾರದ ಮಟ್ಟಿಗೆ ಎಂದು ಕೇಳಿ ತಂದಿದ್ದ. ಪೆಟ್ಟಿಗೆ ಒಂದು, ಅದಕ್ಕೆ ಲಾರಿಯ ಬ್ಯಾಟರಿಯಷ್ಟು ದೊಡ್ಡ ಬ್ಯಾಟರಿ ಒಂದು. ಪೆಟ್ಟಿಗೆಯ ದೀಪ ನನ್ನ ಕಣ್ಣಿಗೆ ಹೊಡೆಯುತ್ತದೆಂದು ಅದರ ಮುಖವನ್ನು ಗೋಡೆಗೆ ತಿರುಗಿಸಿ, ವೈರನ್ನು ಕಬ್ಬಿಣದ ಬೀರುವಿನ ಹಿಂದಕ್ಕೆ ತಳ್ಳಿದ್ದ.

ಸದ್ದು ಮೊದಲು ಕೇಳಿಸಿದ್ದು ಆ ನಾಲ್ಕನೆಯ ದಿನವೇ. ಎರಡು ಬಗೆಯ ಸದ್ದು. ಒಂದು ಸಣ್ಣಗೆ ಕೊರೆಯುವಂಥದ್ದು, ಬಾಟಲಿಯೊಳಗೆ ಸಿಕ್ಕಿಕೊಂಡ ನೊಣದ ಹಾಗೆ, ಬಿಡದೆ. ಇನ್ನೊಂದು ಯಾವಾಗಲೋ ಒಮ್ಮೆ, ಟಕ್ ಎಂದು. ಅದರ ಹಿಂದೆಯೇ ಇನ್ನೊಂದು ಟಕ್. ಆ ಎರಡು ಟಕ್‌ಗಳ ನಡುವೆ ನೊಣ ಸುಮ್ಮನಾಗುತ್ತಿತ್ತು.

ಅಡುಗೆಮನೆಯಿಂದ ಅತ್ತೆ ಕೇಳಿದರು. "ಇಂದೂ, ಅದೇನೇ ಅದು ಹಲ್ಲಿ ಲೊಚಗುಟ್ಟಿದಂಗೆ?"

"ಕಂಪ್ಯೂಟರ್ ಅತ್ತೆ."

"ಇಷ್ಟು ದಿನ ಇರಲಿಲ್ಲ."

"ಇಷ್ಟು ದಿನ ಲೈನ್ ಕರೆಂಟಿನ ಮೇಲೆ ನಡೀತಿತ್ತು."

ಮರುದಿನ ದಸ್ತಗೀರ್ ಬ್ಯಾಟರಿ ಬದಲಿಸಲು ಬಂದಾಗ ಹೇಳಿದೆ. ಕತ್ತಲಾದ ಮನೆಗಳಿಗೆ ಬ್ಯಾಟರಿ ಚಾರ್ಜು ಮಾಡಿ ತಂದುಕೊಡುವುದು ಅವನ ಕಸುಬು. ಜೊತೆಗೆ ರೇಡಿಯೋ, ಮಿಕ್ಸಿ, ಕಂಪ್ಯೂಟರ್ ಎಲ್ಲ ರಿಪೇರಿ ಮಾಡುತ್ತಾನೆ. ಊರಿನ ಎಲ್ಲ ಮನೆಗಳ ಒಳಗನ್ನು ನೋಡಿದ್ದರೂ ಒಂದರ ಸುದ್ದಿ ಇನ್ನೊಂದರಲ್ಲಿ ಆಡುವವನಲ್ಲ. ಆದರೆ ಮಾತು ಬಹಳ.

"ಫ್ಯಾನೇ ಇರ್ತೈತೆ ಅಕ್ಕಾ. ನೂರಕ್ಕೆ ತೊಂಬತ್ತು ಕೇಸು ಫ್ಯಾನೇ," ಎಂದು ಸಿಪಿಯು ಡಬ್ಬ ಬಿಚ್ಚಿದ. ಬಾಯಿಂದ ಊದಿ ಧೂಳು ತೆಗೆದ. ಕೆಮ್ಮಿದ. ಒಂದು ಪೆನ್ಸಿಲ್ ತೂರಿಸಿ ಫ್ಯಾನನ್ನು ಒಂದು ಕ್ಷಣ ನಿಲ್ಲಿಸಿದ. ನೊಣ ನಿಲ್ಲಲಿಲ್ಲ.

"ಫ್ಯಾನಲ್ಲ," ಎಂದೆ.

"ಉಳಿದ ಹತ್ತು ಕೇಸಲ್ಲಿ ಇದೊಂದು ಬಿಡಿ." ಸ್ಪೀಕರಿನ ವೈರು ಕಿತ್ತ. ಸದ್ದು ಇತ್ತು. ಸ್ಕ್ರೂಡ್ರೈವರಿನ ತುದಿಯನ್ನು ಹಾರ್ಡ್ ಡಿಸ್ಕಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೇಳಿದ. "ಇದರ ಎದೆ ಗಟ್ಟಿ ಐತೆ," ಎಂದವನು ಏನು ಹೇಳಿದೆನೆಂದು ತಟ್ಟನೆ ಅರಿವಾಗಿ ನನ್ನ ಕಡೆ ನೋಡಿದ. ಧರಣೇಶ ಇದೇ ಕುರ್ಚಿಯಲ್ಲಿ ಎದೆ ಹಿಡಿದುಕೊಂಡು ಕುಳಿತವನು ಏಳಲಿಲ್ಲ. ಮೂವತ್ತನಾಲ್ಕು ವರ್ಷ. ನಾನು ಪರವಾಗಿಲ್ಲ ಎಂಬಂತೆ ತಲೆಯಾಡಿಸಿದೆ. ನಿಜವಾಗಿಯೂ ಪರವಾಗಿರಲಿಲ್ಲ. ಏನೂ ಅನ್ನಿಸಿರಲಿಲ್ಲ.

ಡಬ್ಬವನ್ನು ಸೈಕಲ್ಲಿನ ಮೇಲೆ ಹೇರಿಕೊಂಡು ಅಂಗಡಿಗೆ ಒಯ್ದ. ಮಧ್ಯಾಹ್ನ ತಿರುಗಿ ತಂದ. "ನಮ್ಮ ಅಂಗಡೀಲಿ ಲೈನಿಗೆ ಹಾಕಿದ್ರೆ ಉಸಿರಿಲ್ಲ ಅಕ್ಕಾ, ಮಗು ಮಲಗಿದಂಗೆ ಐತೆ. ಇಲ್ಲಿ ಯುಪಿಎಸ್‌ಗೆ ಹಾಕಿದ ಕೂಡ್ಲೆ ಶುರು. ಅಂದ್ರೆ ಡಬ್ಬದ ತಪ್ಪಲ್ಲ. ಬ್ಯಾಟರಿಯಿಂದ ಈ ಪೆಟ್ಟಿಗೆ ಮಾಡಿಕೊಡೋ ಕರೆಂಟು ಲೈನ್ ಕರೆಂಟಿನಷ್ಟು ನುಣುಪಿರಲ್ಲ. ಒರಟು. ಅದನ್ನ ನುಂಗುವಾಗ ಒಳಗಿನ ಪವರ್ ಸಪ್ಲೈ ಹಿಂಗೆ ನರಳ್ತೈತೆ. ಹಾಳೇನಾಗಲ್ಲ, ನೀವು ಟೈಪು ಮಾಡ್ಕಳಿ."

"ಟಕ್ ಅನ್ನೋದು?"

"ಯಾವ ಟಕ್?"

ಕಾದೆವು. ಅವನು ಚಾಪೆಯ ಮೇಲೆ ಕುಳಿತು ಬೀಡಿ ಕಟ್ಟು ತೆಗೆದು, ಸಾವಿನ ಮನೆಯೆಂದು ನೆನಪಾಗಿ ಮತ್ತೆ ಜೇಬಿಗಿಟ್ಟ. ಹತ್ತು ನಿಮಿಷದ ಮೇಲೆ ಟಕ್ ಎಂದಿತು. ಕೂಡಲೇ ಇನ್ನೊಂದು.

ದಸ್ತಗೀರ್ ಸುಮ್ಮನಾದ. ಅವನು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಪೆಟ್ಟಿಗೆಯ ವೈರನ್ನು ಕೈಯಲ್ಲಿ ಹಿಡಿದು, ಹಗ್ಗ ಹಿಡಿದು ಹೋಗುವ ಹಾಗೆ ಬೀರುವಿನ ಹಿಂದಕ್ಕೆ ಹೋದ. ಟಾರ್ಚು ಬಿಟ್ಟ.

"ಅಕ್ಕಾ, ಇದು ಗೋಡೇಲೇ ಐತಲ್ಲ."

"ಏನು?"

"ಪ್ಲಗ್ಗು. ಸ್ವಿಚ್ಚೂ ಹಾಕೈತೆ. ಸಾವಾದ ಮನೇಲಿ ಯಾರಕ್ಕಾ ಗೋಡೆಗೆ ಪ್ಲಗ್ಗು ಬಿಡ್ತಾರೆ? ಹೆಂಗಸ್ರು ನೋಡಲಿಲ್ವಾ?"

ಬೀರುವಿನ ಹಿಂದೆ ಯಾರೂ ನೋಡಿರಲಿಲ್ಲ. ದಾರ ಸುತ್ತುವಾಗ ನಾನು ಜಗುಲಿಯಲ್ಲಿದ್ದೆ.

ಅವನು ಪಕ್ಕದ ತೂತಿಗೆ ಟೆಸ್ಟರ್ ಇಟ್ಟ. ಹೊತ್ತಲಿಲ್ಲ. ಇಟ್ಟುಕೊಂಡೇ ಕುಳಿತ. ಮತ್ತೆ ಟಕ್ ಎಂದಾಗ ಟೆಸ್ಟರಿನೊಳಗೆ ಬೆಂಕಿಕಡ್ಡಿಯ ತಲೆಯಷ್ಟು ಕೆಂಪು ಕಂಡು ಹೋಯಿತು.

"ಇದು ಲೈನ್ ಬಂದಾಗ ಪೆಟ್ಟಿಗೆ ಮಗ್ಗುಲು ಬದಲಿಸೋ ಸದ್ದು," ಎಂದ ಮೆಲ್ಲಗೆ. "ಬರ್ತೈತೆ. ಸಾಲದು ಅಂತ ಹೋಗ್ತೈತೆ. ಬಲ್ಬು ಹತ್ತೋವಷ್ಟು ಇಲ್ಲ. ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ, ಹಿಂಗೆ ಬರೋದು ನಂಗೇ ಗೊತ್ತಿರಲಿಲ್ಲ. ಯಾರೂ ಪ್ಲಗ್ಗು ಬಿಟ್ಟೇ ಇಲ್ವಲ್ಲ, ಗೊತ್ತಾಗೋದು ಹೆಂಗೆ?" ಪ್ಲಗ್ಗಿಗೆ ಕೈಯಿಟ್ಟ. "ಕೀಳ್ಲಾ?"

"ಬೇಡ, ಇರಲಿ."

"ಐದೇ ದಿನ ಅಕ್ಕಾ."

"ಗೊತ್ತು."

ಅವನು ಎದ್ದು ಮಂಡಿ ಒರೆಸಿಕೊಂಡ. ಬಾಗಿಲಲ್ಲಿ ಅತ್ತೆ ನಿಂತಿದ್ದರು. ದಸ್ತಗೀರ್ ಅವರ ಮುಖ ನೋಡದೆ ಹಳೆಯ ಬ್ಯಾಟರಿ ಎತ್ತಿಕೊಂಡು ಹೋದ.

ಅತ್ತೆಯ ಹೆಸರು ಗಂಗಮ್ಮ. ಊರಲ್ಲಿ ಅವರನ್ನು ಹಾಗೆ ಕರೆಯುವವರಿಲ್ಲ. ಇಪ್ಪತ್ತಾರು ವರ್ಷದ ಹಿಂದೆ ಮಾವ ತೀರಿಕೊಂಡಾಗ ಜಗುಲಿಯ ಬಲ್ಬು ನಾಲ್ಕನೆಯ ಸಂಜೆ ಹೊತ್ತಿಕೊಂಡಿತ್ತು. ಅಂದಿನಿಂದ ಅವರು ನಾಕು ದಿನದ ಗಂಗಮ್ಮ. ಮದುವೆಯಾಗಿ ಬಂದ ಹೊಸದರಲ್ಲಿ ಬಾವಿಕಟ್ಟೆಯ ಹತ್ತಿರ ಒಬ್ಬಳು ನನಗೆ, "ನಾಕು ದಿನದ ಗಂಗಮ್ಮನ ಸೊಸೆ ನೀನೇ ಏನವ್ವಾ?" ಎಂದಾಗ ಅದೇನೆಂದು ನನಗೆ ತಿಳಿದಿರಲಿಲ್ಲ. ಹೌದು ಎಂದು ನಕ್ಕಿದ್ದೆ.

"ಆ ಬಲ್ಬು ಬಿಚ್ಚಿಬಿಡು," ಎಂದರು ಅತ್ತೆ.

ನಾನು ವೈರನ್ನು ಮತ್ತೆ ಬೀರುವಿನ ಹಿಂದಕ್ಕೆ ತಳ್ಳಿದೆ.

"ನೀನು ಅತ್ತಿಲ್ಲ. ಅದಕ್ಕೇ ಅದು ಬರ್ತಾ ಐತೆ. ಮಣ್ಣು ಹಾಕುವಾಗ್ಲೂ ಅಳಲಿಲ್ಲ, ಮನೆಗೆ ಬಂದೂ ಅಳಲಿಲ್ಲ. ಎರಡು ಲೋಟ ತೆಗೆದು ಕಾಫಿ ಹಾಕ್ದೆ. ನನ್ನ ಮಗ ಐದು ದಿನಕ್ಕೂ ಬಾಳಲಿಲ್ವೇನೇ ನಿಂಗೆ?"

ಅವರು ಹೇಳಿದ್ದು ನಿಜ. ನಾನು ಅತ್ತಿರಲಿಲ್ಲ. ಅಳು ಎಲ್ಲೋ ಇದೆ ಎಂದು ಗೊತ್ತಿತ್ತು. ಹೇಗೆ ಹೋಗಿ ತರುವುದೆಂದು ಗೊತ್ತಿರಲಿಲ್ಲ. ಬಲ್ಬು ಇವತ್ತೋ ನಾಳೆಯೋ ಹೊತ್ತಿಕೊಂಡರೆ ಬೀದಿ ಏನೆನ್ನುತ್ತದೆಂಬುದು ನನಗೆ ಅಷ್ಟು ಮುಖ್ಯವಾಗಿರಲಿಲ್ಲ. ಅತ್ತೆ ಹೇಳಿದ್ದೇ ಸರಿಯಿರಬಹುದೆ ಎಂಬುದು ಮುಖ್ಯವಾಗಿತ್ತು. ನಾನು ಅವನನ್ನು ಅಷ್ಟೇ ಪ್ರೀತಿಸಿದ್ದೆನೆ? ಅದನ್ನು ಅಳೆಯಲು ಈ ಊರಲ್ಲಿ ಒಂದೇ ಅಳತೆಗೋಲಿತ್ತು. ಅದೀಗ ಬೀರುವಿನ ಹಿಂದೆ ಟಕ್ ಟಕ್ ಎನ್ನುತ್ತಿತ್ತು.

ಯುಪಿಎಸ್‌ನಿಂದ ಕಂಪ್ಯೂಟರಿಗೆ ಸಣ್ಣದೊಂದು ಕೇಬಲ್ ಇತ್ತು. ಧರಣೇಶ ಅದರ ಪ್ರೋಗ್ರಾಮನ್ನೂ ಹಾಕಿದ್ದ. ಅಂಥದ್ದೆಲ್ಲ ಅವನಿಗೆ ಇಷ್ಟ. ಕರೆಂಟು ಯಾವಾಗ ಹೋಯಿತು, ಯಾವಾಗ ಬಂತು ಎಂದು ಅದು ಗಂಟೆ, ನಿಮಿಷ, ಸೆಕೆಂಡಿನ ಸಮೇತ ಬರೆದಿಡುತ್ತದೆ. ಮರುದಿನ ಬೆಳಿಗ್ಗೆ ಅದನ್ನು ತೆರೆದೆ.

ಅವನು ತೀರಿಕೊಂಡ ದಿನ ಬೆಳಿಗ್ಗೆ ಕಂಪ್ಯೂಟರ್ ಚಾಲೂ ಇತ್ತು. ಆರಿಸಲು ಯಾರಿಗೂ ನೆನಪಾಗಿರಲಿಲ್ಲ. ಬ್ಯಾಟರಿ ಮುಗಿಯುವವರೆಗೆ, ನಾಲ್ಕು ಗಂಟೆಗಿಂತ ಸ್ವಲ್ಪ ಹೆಚ್ಚು, ಅದು ತನ್ನಷ್ಟಕ್ಕೆ ಬರೆಯುತ್ತ ಕುಳಿತಿತ್ತು. ಆರು ಗಂಟೆ ಹತ್ತು ನಿಮಿಷಕ್ಕೆ ಲೈನ್ ಹೋಗಿದೆ. ಅವನು ಹೋದ ಸಮಯ ನನಗೆ ಆಗ ತಿಳಿಯಿತು. ಆರು ನಲವತ್ತೊಂದಕ್ಕೆ ಲೈನ್ ಬಂದಿದೆ, ಹೋಗಿದೆ. ಏಳು ಇಪ್ಪತ್ತಕ್ಕೆ ಬಂದಿದೆ, ಹೋಗಿದೆ. ಏಳು ಇಪ್ಪತ್ತೆರಡಕ್ಕೆ. ಎಂಟಕ್ಕೆ. ಹತ್ತೂಕಾಲರ ಒಳಗೆ ಹದಿನೇಳು ಸಲ.

ಏಳು ಇಪ್ಪತ್ತಕ್ಕೆ ಅವನನ್ನು ಇನ್ನೂ ಕುರ್ಚಿಯಿಂದ ಎತ್ತಿರಲಿಲ್ಲ.

ನಾಲ್ಕನೆಯ ದಿನದಿಂದ ಮುಂದಿನ ಸಮಯಗಳನ್ನೂ ಬರೆದುಕೊಂಡೆ. ಗ್ರಾಫ್ ಹಾಳೆ ತೆಗೆದು ಒಂದೊಂದಕ್ಕೂ ಚುಕ್ಕೆ ಇಟ್ಟೆ. ಪಕ್ಕದಲ್ಲಿ ನೆನಪಿದ್ದಷ್ಟು ಬರೆದೆ: ಅತ್ತೆ ಅಳುತ್ತಿದ್ದರು, ಅತ್ತೆ ಮಲಗಿದ್ದರು, ನಾನು ಪಾತ್ರೆ ತೊಳೆಯುತ್ತಿದ್ದೆ, ಅವನ ಅಂಗಿ ಮಡಿಸುತ್ತಿದ್ದೆ, ಏನೂ ಮಾಡುತ್ತಿರಲಿಲ್ಲ. ಎರಡು ದಿನ ಅದೇ ಕೆಲಸ ಮಾಡಿದೆ. ಮಳೆಯ ಅಂಕಿಗಳ ಮುಂದೆ ಐದು ವರ್ಷ ಕುಳಿತವಳಿಗೆ, ಯಾವುದರಲ್ಲಿ ಒಂದು ಲಯವಿದೆ, ಯಾವುದರಲ್ಲಿ ಇಲ್ಲ ಎಂಬುದು ತಿಳಿಯುತ್ತದೆ. ಇಲ್ಲಿ ಇರಲಿಲ್ಲ. ಅತ್ತಾಗಲೂ ಬಂದಿತ್ತು, ಅಳದಾಗಲೂ ಬಂದಿತ್ತು.

ಅತ್ತೆಯನ್ನು ಕರೆದು ತೋರಿಸಿದೆ. ಅವರಿಗೆ ಅಂಕಿ ಓದಲು ಬರುತ್ತದೆ.

"ಇದು ಆವತ್ತು ಬೆಳಿಗ್ಗೆ ಅತ್ತೆ. ಇದು ನೀವು ಅವರ ಕಾಲು ಹಿಡಕೊಂಡು ಕೂತಿದ್ದ ಹೊತ್ತು. ಆಗ್ಲೂ ಬಂದಿದೆ ನೋಡಿ. ಎರಡು ಸಲ."

ಅವರು ಬೆರಳಿಟ್ಟು ಓದಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಓದಿದರು.

"ಹಂಗಾದ್ರೆ ಅದು ಅವತ್ತೇ ಬರ್ತಿತ್ತಾ?"

"ಅವತ್ತಿಂದಲೇ ಬರ್ತಿದೆ."

"ನಮ್ಮ ಯಜಮಾನ್ರು ಹೋದಾಗ್ಲೂ?"

"ಯಾರಿಗೆ ಗೊತ್ತು? ಬಂದಿರಬೇಕು."

ಅತ್ತೆ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡರು. "ನಾಕು ದಿನ ಬಾಯಿಗೆ ನೀರು ಬಿಟ್ಕಂಡಿರಲಿಲ್ಲ ಕಣೇ ನಾನು," ಎಂದರು. "ಬಲ್ಬು ಹತ್ತಿದ್ದು ನಂಗೆ ಗೊತ್ತೇ ಆಗಲಿಲ್ಲ. ಅಳ್ತಾ ಇದ್ದೆ. ಬೀದಿಯೋರು ಬಂದು ಬಾಗಿಲಲ್ಲಿ ನಿಂತರಲ್ಲ, ಅವರ ಮುಖ ನಿಚ್ಚಳ ಕಾಣ್ತಾ ಐತಲ್ಲ, ಎಲ್ಲಿಂದ ಬಂತು ಬೆಳಕು ಅಂತ ತಲೆ ಎತ್ತಿ ನೋಡ್ದೆ."

ಇನ್ನು ಬಲ್ಬಿನ ಮಾತೆತ್ತುವುದಿಲ್ಲ ಎಂದುಕೊಂಡೆ. ಆದರೆ ಏಳುವಾಗ ಅವರು ಅದನ್ನೇ ಹೇಳಿದರು. "ನಂಗೆ ತಿಳೀತು. ನಿಂಗೂ ತಿಳೀತು. ಬೀದಿಗೆ ಈ ಹಾಳೆ ಓದಿ ಹೇಳ್ತೀಯಾ? ನಾನು ಉಂಡಿದ್ದು ನೀನು ಉಣ್ಣೋದು ಬೇಡ. ನನ್ನ ಮಗನ ಹೆಸರಿಗೂ ದಿನ ಅಂಟೋದು ಬೇಡ. ಬಿಚ್ಚು."

ಸ್ಟೂಲು ಹಾಕಿಕೊಂಡು ಬಿಚ್ಚಿದೆ. ಬೀದಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಮಧ್ಯಾಹ್ನ ಬಿಚ್ಚಿದೆ. ಅಂಥ ಎಚ್ಚರ ನನಗೆ ತಾನಾಗಿ ಬಂತು.

ದಿನದಿಂದ ದಿನಕ್ಕೆ ಎರಡು ಟಕ್‌ಗಳ ನಡುವಿನ ಹೊತ್ತು ಹೆಚ್ಚಾಯಿತು. ಹತ್ತನೆಯ ದಿನ ಒಂದು ನಿಮಿಷ. ಹನ್ನೊಂದನೆಯ ದಿನ ಒಂದು ಪುಟ ಟೈಪು ಮಾಡುವಷ್ಟು. ಹನ್ನೆರಡನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಒಂದು ಟಕ್ ಕೇಳಿತು, ಇನ್ನೊಂದು ಕೇಳಲಿಲ್ಲ. ನೊಣವೂ ಹೋಯಿತು. ನಾನು ಕೈ ಎತ್ತಿಕೊಂಡು ಕಾಯುತ್ತ ಕುಳಿತೆ. ಮನೆಯಲ್ಲಿ ಯಾವ ಸದ್ದೂ ಇರಲಿಲ್ಲ. ಅಳು ಬಂದದ್ದು ಆಗ. ಬಂದದ್ದಕ್ಕೆ ಬೇರೆ ಕಾರಣ ಇರಲಿಲ್ಲ. ಅತ್ತೆ ಬಂದು ಕುರ್ಚಿಯ ಬೆನ್ನು ಹಿಡಿದು ನಿಂತರು. ನನ್ನನ್ನು ಮುಟ್ಟಲಿಲ್ಲ. ಹೋಗಲೂ ಇಲ್ಲ.

ಕರೆಂಟು ಬಂದದ್ದು ಯಾರಿಗೂ ತಿಳಿಯಲಿಲ್ಲ. ಬ್ಯಾಟರಿ ದೀಪವನ್ನೇ ಹಚ್ಚಿಕೊಂಡು ಉಂಡೆವು. ಮರುದಿನ ದಸ್ತಗೀರ್ ಬಂದವನು ಕಂಪ್ಯೂಟರ್ ಮುಂದೆ ಒಂದು ಕ್ಷಣ ಕಿವಿಗೊಟ್ಟು ನಿಂತ. ತಲೆಕೆರೆದುಕೊಂಡ. ತಂದಿದ್ದ ಬ್ಯಾಟರಿಯನ್ನು ಇಳಿಸದೆ, "ನಾಳೆಯಿಂದ ಬರಲಾ, ಬೇಡ್ವಾ?" ಎಂದು ಕೇಳಿದ. ಅತ್ತೆ ಒಳಗಿನಿಂದಲೇ, "ಬಾ. ದಿನಾ ಬಾ," ಎಂದರು.

ಹೀಗೆ ಒಂದು ವಾರ ನಡೆಯಿತು. ನಾನು ಲೈನಿನ ಮೇಲೆ ಟೈಪು ಮಾಡಿದೆ. ದಸ್ತಗೀರ್ ತುಂಬಿದ ಬ್ಯಾಟರಿ ತಂದು ತುಂಬಿದ ಬ್ಯಾಟರಿಯನ್ನೇ ಒಯ್ದ. ಸಂಜೆ ಬೀದಿಯವರು ತಲೆಯೆತ್ತಿ ನೋಡಿ ಹೋದರು. ಅವರ ಮುಖದಲ್ಲಿ ಮೊದಲು ಇಲ್ಲದ ಒಂದು ಮರ್ಯಾದೆ ಕಾಣತೊಡಗಿತು. ಹಾಲಿನವಳು ಒಂದು ದಿನ, "ನಿಮ್ಮಂಥೋರು ಕಡಿಮೆ ಕಣಕ್ಕಾ," ಎಂದಳು. ಹಾಲಿನ ಪಾತ್ರೆ ಎತ್ತಿಕೊಂಡು ಒಳಗೆ ಬಂದೆ. ಆ ಮಾತು ಮಾತ್ರ ದಿನವೆಲ್ಲ ಅಂಟಿಕೊಂಡೇ ಇತ್ತು, ಬೇರೆಯವರ ಸೀರೆ ಉಟ್ಟಂತೆ.

ಪ್ರೆಸ್ಸಿನವರ ಸಾಮಾನು, ಒಂದು ವಾರಕ್ಕೆಂದು ತಂದದ್ದು, ಎರಡು ತಿಂಗಳಾಗುತ್ತ ಬಂತು ಎಂದು ಅತ್ತೆಗೆ ಹೇಳಿ ಹೊರಟೆ. ಅವರು ಯುಪಿಎಸ್ ಮೇಲೆ ಹಳೆಯ ಬೆಡ್‌ಶೀಟು ಸುತ್ತಿದರು, ಬೀದಿಯವರಿಗೆ ಕಾಣದಂತೆ. ಬ್ಯಾಟರಿಯನ್ನು ದಸ್ತಗೀರ್ ಸೈಕಲ್ಲಿನಲ್ಲಿ ಮುಂದೆ ಒಯ್ದ. ನಾನು ಪೆಟ್ಟಿಗೆಯನ್ನು ಎರಡು ಕೈಯಲ್ಲಿ ಎದೆಗೊತ್ತಿಕೊಂಡು ನಡೆದೆ.

ಕೊಟ್ರೇಶಪ್ಪನವರ ಮನೆಯ ಮುಂಭಾಗವೇ ಪ್ರೆಸ್ಸು. ಅವರ ಹೆಂಡತಿ ತೀರಿಕೊಂಡು ಆರು ವರ್ಷ. ಆರು ವರ್ಷವೂ ಅವರ ಜಗುಲಿಯ ಬಲ್ಬು ಹೊತ್ತಿಲ್ಲ. ಊರಲ್ಲಿ ಹೊಸ ಗಂಡ ಹೆಂಡತಿಯನ್ನು ಮೊದಲು ದೇವಸ್ಥಾನಕ್ಕೆ, ಆಮೇಲೆ ಅವರ ಮನೆಯ ಮುಂದಕ್ಕೆ ಕರೆದುಕೊಂಡು ಹೋಗಿ ಆ ಬಲ್ಬನ್ನು ತೋರಿಸುತ್ತಾರೆ. ಲಗ್ನಪತ್ರಿಕೆಯನ್ನೂ ಅವರಲ್ಲೇ ಹಾಕಿಸುತ್ತಾರೆ.

ಹೊರಗಿನ ಬೆಂಚಿನ ಮೇಲೆ ಪತ್ರಿಕೆಗೆ ಕಾಯುತ್ತ ಒಬ್ಬ ಹೆಂಗಸು ಕುಳಿತಿದ್ದಳು. ನಾನು ಒಳಗೆ ಹೋದೆ. ಕೊಟ್ರೇಶಪ್ಪ ಒಂದು ಪ್ರೂಫನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಬ್ಯಾಟರಿ ದೀಪದಲ್ಲಿ ಓದುತ್ತಿದ್ದರು. ನನ್ನನ್ನು ಕಂಡು ಎದ್ದರು.

"ನೀನ್ಯಾಕೆ ಹೊತ್ಕಂಡು ಬಂದೆ ತಾಯಿ? ಹೇಳಿ ಕಳಿಸಿದ್ರೆ ಆಗಿತ್ತು."

"ಒಂದು ವಾರಕ್ಕೆ ಅಂತ ತಂದಿದ್ರು. ತಡ ಆಯ್ತು."

ಅವರು ಬಾಗಿಲಿನ ಕಡೆ ನೋಡಿ, ಅದನ್ನು ಅರ್ಧ ಮುಂದೆ ಮಾಡಿ ಬಂದರು. ಬೆಡ್‌ಶೀಟು ಬಿಚ್ಚಿದರು. ಮೇಜಿನ ಕೆಳಗಿದ್ದ ಪ್ಲಗ್ಗಿಗೆ ಸಿಕ್ಕಿಸಿದರು, ದಿನಾ ಮಾಡುವ ಕೆಲಸದ ಹಾಗೆ. ಒಂದು ಟಕ್ ಕೇಳಿತು. ಪೆಟ್ಟಿಗೆಯ ಮುಂದಿನ ದೀಪ ಹಸಿರಾಯಿತು, ಲೈನ್ ಇದ್ದಾಗ ಆಗುವ ಹಾಗೆ. ಹಸಿರಾಗಿಯೇ ಉಳಿಯಿತು.

ನಾನು ದೀಪವನ್ನು ನೋಡಿದೆ. ಅವರು ನನ್ನನ್ನು ನೋಡಿದರು.

"ಹದಿನಾರನೇ ದಿನ ಬಂತು," ಎಂದರು. "ಬಲ್ಬು ಅದಕ್ಕೆ ಮುಂಚೆನೇ ಸುಟ್ಟು ಹೋಗಿತ್ತು. ಬದಲಾಯಿಸೋಣ, ನಾಳೆ ಬದಲಾಯಿಸೋಣ ಅಂತ ಇದ್ದೆ. ಅಷ್ಟರಲ್ಲಿ ಜನ ಬಂದು ನೋಡೋಕೆ ಶುರು ಮಾಡಿದ್ರು. ಆಮೇಲೆ ಹೆಂಗೆ ಹಚ್ಲಿ?" ಪ್ರೂಫಿನ ಹಾಳೆಯನ್ನು ಮಡಿಸಿದರು. "ನಿನ್ನ ಗಂಡನಿಗೆ ಗೊತ್ತಿತ್ತು. ಇದನ್ನ ಒಯ್ಯೋಕೆ ಬಂದ ದಿನ ಪ್ಲಗ್ಗು ಕಿತ್ತವನು ಅವನೇ. ಹಸಿರು ದೀಪ ನೋಡಿದ. ಎಷ್ಟು ಹೊತ್ತು ಚಾರ್ಜು ನಿಲ್ಲುತ್ತೆ ಅಂತ ಕೇಳ್ದ, ಬೇರೇನೂ ಕೇಳಲಿಲ್ಲ. ನಿಂಗೂ ಹೇಳಿರಲಿಕ್ಕಿಲ್ಲ."

"ಇಲ್ಲ."

ಧರಣೇಶ ಇದ್ದದ್ದೇ ಹಾಗೆ. ಈಗಷ್ಟೇ ಯಾರೋ ಅವನನ್ನು ಪರಿಚಯ ಮಾಡಿಸಿದಂತೆ ನನಗೆ ಅವನು ಸ್ಪಷ್ಟವಾಗಿ ಕಂಡ.

ಕೊಟ್ರೇಶಪ್ಪ ದನಿ ತಗ್ಗಿಸಿದರು. "ನಿಮ್ಮಲ್ಲಿಗೆ ಬಂದೈತೆ, ಅಲ್ವಾ? ಇಲ್ಲಾಂದ್ರೆ ಇದನ್ನ ವಾಪಸ್ ತರ್ತಿರಲಿಲ್ಲ. ನನ್ನ ಮಾತು ಕೇಳು. ಇದನ್ನ ಇಟ್ಕೊ. ದಿನಾ ಬ್ಯಾಟರಿ ಬಂದು ಹೋಗ್ತಿದ್ರೆ ಯಾರಿಗೂ ಅನುಮಾನ ಬರಲ್ಲ. ನಿಮ್ಮತ್ತೆಗೂ ವಯಸ್ಸಾಯ್ತು, ಇನ್ನೊಂದ್ಸಲ ಯಾಕೆ ಅನ್ನಿಸ್ಕೋಬೇಕು? ನಿಂಗೆ ಅಭ್ಯಾಸ ಆಗೋಗುತ್ತೆ."

ಅವರ ಕಣ್ಣಿನ ಸುತ್ತ, ಸಣ್ಣ ಬೆಳಕಿನಲ್ಲಿ ಓದಿ ಓದಿ, ಚರ್ಮ ನೆರಿಗೆ ಕಟ್ಟಿತ್ತು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದರು.

"ಬೇಡ," ಎಂದೆ. "ಇದು ನಿಮ್ಮದು."

ಪೆಟ್ಟಿಗೆಯನ್ನು ಮೇಜಿನ ಒಳಕ್ಕೆ ಸರಿಸಿದೆ. ಹಸಿರು ದೀಪ ಬಾಗಿಲಿಗೆ ಕಾಣದ ಹಾಗೆ ಅದರ ಮುಖವನ್ನು ಗೋಡೆಗೆ ತಿರುಗಿಸಿದೆ. ಅವರ ವಿಷಯ ಅವರದು. ಬೆಡ್‌ಶೀಟು ಮಡಿಸಿಕೊಂಡು ಹೊರಗೆ ಬಂದೆ.

ಬೆಂಚಿನ ಮೇಲಿದ್ದ ಹೆಂಗಸು ನನ್ನ ಕೈಯಲ್ಲಿ ಬರಿಯ ಬೆಡ್‌ಶೀಟು ಉಳಿದದ್ದನ್ನು ನೋಡಿದಳು. ಕೇಳಬಾರದೆಂದು ಅವಳಿಗೆ ಗೊತ್ತು. ಕೇಳಲಿಲ್ಲ.

"ನಮ್ಮ ಮನೆಗೆ ಕರೆಂಟು ಬಂತು," ಎಂದೆ.

ಅವಳು ಸೆರಗಿನೊಳಗೆ ಬೆರಳು ಮಡಿಸಿ ಎಣಿಸತೊಡಗಿದಳು. ತಪ್ಪು ಲೆಕ್ಕ ಹಾಕುತ್ತಿದ್ದಳು, ಇವತ್ತಿನವರೆಗೆ ಎಣಿಸುತ್ತಿದ್ದಳು.

"ಹನ್ನೆರಡು," ಎಂದೆ, ಮತ್ತೆ ಮನೆಯ ಕಡೆ ನಡೆದೆ.